ನಾಲ್ವರಿಗೂ ಬಿಡುವಿದ್ದ ಶನಿವಾರ

ಹೊಸ ವರ್ಷದ ಕ್ಯಾಲೆಂಡರ್ ಬಂದರೆ ನಮ್ಮ ಸೊಸೆ ಅದನ್ನು ಮೊದಲು ನನ್ನಿಂದ ಬಚ್ಚಿಡುತ್ತಾಳೆ. ಸಿಕ್ಕರೆ ನಾನೇನು ಮಾಡುತ್ತೇನೆಂದು ಅವಳಿಗೆ ಚೆನ್ನಾಗಿ ಗೊತ್ತು. ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು, ಜನವರಿಯಿಂದ ಡಿಸೆಂಬರಿನ ತನಕ ಬರೀ ಶನಿವಾರ ಭಾನುವಾರಗಳನ್ನು ನೋಡುತ್ತ ಕೂರುತ್ತೇನೆ. ಅಮಾವಾಸ್ಯೆ ಇಲ್ಲದ, ಪಿತೃಪಕ್ಷ ಅಲ್ಲದ, ರಂಜಾನ್ ಅಲ್ಲದ, ಕ್ರೈಸ್ತರ ತಪಸ್ಸುಕಾಲವೂ ಅಲ್ಲದ ಒಂದು ಶನಿವಾರ ಸಿಕ್ಕಿತೋ, ಅದರ ಸುತ್ತ ಒಂದು ಸೊನ್ನೆ ಸುತ್ತುತ್ತೇನೆ. "ಏನು ಮಾವ, ಯಾರ ಮದುವೆಗೆ ಮುಹೂರ್ತ ಇಡ್ತಿದ್ದೀರಿ?" ಎಂದು ಅವಳು ನಗುತ್ತಾಳೆ. ನಾನೂ ನಗುತ್ತೇನೆ. ನಗದೆ ಏನು ಮಾಡಲಿ, ಎಪ್ಪತ್ತು ದಾಟಿದವನು ಸೈಕಲ್ ಸವಾರಿಗೆ ದಿನ ಹುಡುಕುತ್ತಿದ್ದೇನೆ ಎಂದರೆ ಆಸ್ಪತ್ರೆಗೆ ಸೇರಿಸಿಬಿಟ್ಟಾರು.

ಈ ಚಟ ನನಗೆ ಹತ್ತಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಆಗ ನನಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಮನೆ ಹಲಸೂರಿನಲ್ಲಿ, ಕೆರೆಯ ಹತ್ತಿರ. ಅಪ್ಪ ಆಗಲೇ ತೀರಿಕೊಂಡಿದ್ದರು. ಅಮ್ಮ, ನಾನು, ಅಪ್ಪ ಬಿಟ್ಟುಹೋದ ಒಂದು ಕಪ್ಪು ಸೈಕಲ್ಲು, ಇಷ್ಟೇ ಸಂಸಾರ. ಕೆಲಸ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಮಿಲಿಟರಿಯವರ ಸಾಮಾನು ಇಡುವ ಒಂದು ಉಗ್ರಾಣದಲ್ಲಿ. ನಾನು ಗುಮಾಸ್ತ. ಬೂಟು ಎಷ್ಟು ಜೊತೆ, ಕಂಬಳಿ ಎಷ್ಟು, ನೀರಿನ ಡಬ್ಬಿ ಎಷ್ಟು ಎಂದು ಟೈಪು ಮಾಡುವುದು. ಹಲಸೂರಿನಿಂದ ಪೂರ್ವಕ್ಕೆ ಈಗ ಇಂದಿರಾನಗರ ಎನ್ನುತ್ತಾರಲ್ಲ, ಆ ಕಡೆಯೆಲ್ಲ ಆಗ ರಾಗಿ ಹೊಲ. ಸಂಜೆ ಐದರ ಮೇಲೆ ಅಲ್ಲಿ ಕಾಣುತ್ತಿದ್ದುದು ದನ ಹೊಡೆದುಕೊಂಡು ಬರುವವರು ಮಾತ್ರ.

ಸೈಕಲ್ಲಿನ ಮಾತು ಬಂತು, ಒಂದು ಹೇಳಿಬಿಡುತ್ತೇನೆ. ನಾನು ಸೈಕಲ್ ಕಲಿತದ್ದು ಕೆರೆ ಏರಿಯ ಮೇಲೆ. ಕಾಲು ಎಟುಕದೆ, ಬಾರಿನ ಕೆಳಗಿಂದ ಒಂದು ಕಾಲು ತೂರಿಸಿ, ಏಡಿಯ ಹಾಗೆ ಅಡ್ಡಡ್ಡ ತುಳಿಯುತ್ತಿದ್ದೆ. ಅಪ್ಪ ಹಿಂದಿನ ಸೀಟು ಹಿಡಿದು ಓಡಿ ಬರುತ್ತಿದ್ದರು. ಒಂದು ದಿನ ಹಿಂತಿರುಗಿ ನೋಡಿದರೆ ಅಪ್ಪ ಬಹಳ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ನೋಡಿದ ತಕ್ಷಣ ಬಿದ್ದೆ, ಮಂಡಿ ಒಡೆದುಕೊಂಡೆ. ಅಲ್ಲಿಯತನಕ ಚೆನ್ನಾಗಿಯೇ ಹೋಗುತ್ತಿದ್ದೆ. ಯೋಚನೆ ಮಾಡಲು ಶುರುಮಾಡಿದರೆ ನನ್ನಿಂದ ಕೆಲಸ ಕೆಡುತ್ತದೆ ಎನ್ನುವುದಕ್ಕೆ ಅದೇ ಮೊದಲ ಸಾಕ್ಷಿ. ಇರಲಿ.

ಉಗ್ರಾಣದಲ್ಲಿ ನನಗೆ ಮೂವರು ಗೆಳೆಯರು. ಖಾದರ್ ಈಗಿನ ಶಿವಾಜಿನಗರದವನು. ಆಗ ಅದಕ್ಕೆ ಬ್ಲಾಕ್‌ಪಲ್ಲಿ ಎನ್ನುತ್ತಿದ್ದರು. ಅವನ ಅಬ್ಬಾ ದರ್ಜಿ. ಹರಿದ ಟೆಂಟು, ಕಿತ್ತ ಚೀಲ ಹೊಲಿಸುವುದು ಖಾದರನ ಕೆಲಸ. ಅಂತೋಣಿ ತಮಿಳು ಮಾತಾಡುವ ಕ್ರೈಸ್ತರ ಮನೆಯ ಹುಡುಗ, ಫಿಟ್ಟರ್. ಎರಡು ಮಾತಿಗೊಮ್ಮೆ 'ಮ್ಯಾನ್' ಎನ್ನದಿದ್ದರೆ ಅವನಿಗೆ ಮಾತು ಮುಗಿಯುತ್ತಿರಲಿಲ್ಲ. ಮೂರನೆಯವನು ಕೆಂಪಣ್ಣ. ಕೃಷ್ಣರಾಜಪುರದಿಂದ ದಿನಾ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಅವನ ಅಪ್ಪ ಮುನಿಯಪ್ಪನವರು ದೊರೆಗಳ ಊಟದ ಮೇಜಿಗೆ ಬೀಟ್‌ರೂಟು, ನವಿಲುಕೋಸು, ಎಲೆಕೋಸು ಬೆಳೆದು ಗಾಡಿಯಲ್ಲಿ ದಂಡಿನ ಮಾರ್ಕೆಟ್ಟಿಗೆ ತರುವವರು. ಬೆಳೆದವರು ಮಾತ್ರ ಅದನ್ನು ಬಾಯಿಗಿಡುತ್ತಿರಲಿಲ್ಲ. "ಮಣ್ಣಿನ ವಾಸ್ನೆ ಕಣಪ್ಪ, ನಮಗೆ ಒಗ್ಗಲ್ಲ" ಎನ್ನುತ್ತಿದ್ದರು.

ಕೆಂಪಣ್ಣ ಉಗ್ರಾಣಕ್ಕೆ ಮೂಟೆ ಹೊರಲು ಸೇರಿದವನು ಲಾರಿ ಓಡಿಸುವುದನ್ನು ಅಲ್ಲೇ ಕಲಿತ. ಕಲಿತವನು ಯಾರಿಗೂ ಹೇಳದೆ ಹೋಗಿ ಸೈನ್ಯದ ಡ್ರೈವರ್ ಕೆಲಸಕ್ಕೆ ಹೆಸರು ಬರೆಸಿ ಬಂದ. ಕರೆ ಯಾವಾಗ ಬರುತ್ತದೋ ಗೊತ್ತಿಲ್ಲ, ನಾಳೆಯೂ ಬರಬಹುದು, ಆರು ತಿಂಗಳಿಗೂ ಬರಬಹುದು ಎಂದ. ನಾವು ಬೈದೆವು. ಅವನು ಸುಮ್ಮನೆ ಕೇಳಿಸಿಕೊಂಡು, "ಅದಿರ್ಲಿ, ಹೋಗೋಕ್ ಮುಂಚೆ ಒಂದ್ ಕೆಲ್ಸ ಮಾಡ್ಬೇಕು. ನಾವ್ ನಾಲ್ಕೂ ಜನ ಸೈಕಲ್ ಮೇಲೆ ನಂದಿ ಬೆಟ್ಟಕ್ಕೆ ಹೋಗ್ಬರ್ಬೇಕು. ಶನಿವಾರ ಮಧ್ಯಾಹ್ನ ಹೊರ‍್ಟು, ಮೇಲೇ ಮಲ್ಗಿ, ಭಾನುವಾರ ಸಂಜೆ ವಾಪಸ್" ಎಂದ.

"ಬೆಟ್ಟಕ್ಕೆ ಯಾಕೆ ಮ್ಯಾನ್?" ಎಂದ ಅಂತೋಣಿ.

"ನಮ್ ತೋಟದ ಬಾವಿ ಕಟ್ಟೆ ಮೇಲೆ ನಿಂತ್ರೆ ಬೆಟ್ಟ ಕಾಣ್ತದೆ. ಹುಟ್ದಾಗಿಂದ ನೋಡ್ತಿವ್ನಿ. ಬೆಟ್ಟದ ಮೇಲೆ ನಿಂತ್ರೆ ನಮ್ ಬಾವಿ ಕಾಣ್ತದಾ ಅಂತ ಒಂದ್ಸಲ ನೋಡ್ಬೇಕು."

ಇಷ್ಟೇ ಅವನ ಆಸೆ. ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿದ್ದಿರಬೇಕು. ಆದರೂ ಆ ಮಾತು ಹೇಳುವಾಗ ಅವನ ಮುಖ ನೋಡಿ ಮೂವರೂ ಒಟ್ಟಿಗೇ 'ಆಗಲಿ' ಎಂದುಬಿಟ್ಟೆವು.

ಆ ದಿನದಿಂದ ಮೀಟಿಂಗು ಶುರುವಾಯಿತು. ಮಧ್ಯಾಹ್ನದ ಅರ್ಧ ಗಂಟೆ ಬಿಡುವಿನಲ್ಲಿ ಉಗ್ರಾಣದ ಎದುರಿನ ಟೀ ಅಂಗಡಿಯ ಬೆಂಚೇ ನಮ್ಮ ಸಭಾಂಗಣ. ನಾನು ಕಾರ್ಯದರ್ಶಿ. ಯಾರೂ ನೇಮಿಸಿರಲಿಲ್ಲ, ಪುಸ್ತಕ ಪೆನ್ಸಿಲು ನನ್ನ ಹತ್ತಿರ ಇದ್ದವು, ಅಷ್ಟೆ. ಹೆಬ್ಬಾಳ, ಯಲಹಂಕ, ದೇವನಹಳ್ಳಿ ಎಂದು ದಾರಿ ಬರೆದೆ. ಟಯರು ಟ್ಯೂಬು ಕಣ್ಣಿಗೆ ಕಾಣದ ಕಾಲ, ಹಳೆಯ ಟ್ಯೂಬಿಗೆ ತೇಪೆ ಹಾಕುವ ಹೊಣೆ ಅಂತೋಣಿಯದು. ಮಲಗಲು ಟೆಂಟು ಬೇಕಲ್ಲ, ನಾವು ಕೂತಿದ್ದ ಕಡೆಯಿಂದ ಐವತ್ತು ಗಜದಲ್ಲಿ ಸಾವಿರ ಟೆಂಟು ಇದ್ದವು, ಒಂದನ್ನೂ ಮುಟ್ಟುವ ಹಾಗಿರಲಿಲ್ಲ. ಮುನಿಯಪ್ಪನವರ ಗಾಡಿಗೆ ಹೊದಿಸುವ ಟಾರ್ಪಾಲು ಸಾಕು ಎಂದು ತೀರ್ಮಾನವಾಯಿತು. ಹೊಲಿಗೆ ಬಿಟ್ಟಿದ್ದ ಕಡೆಯಲ್ಲೆಲ್ಲ ಖಾದರ್ ಅದನ್ನು ಹೊಲಿಸಿ ಕೊಟ್ಟ.

ಊಟದ ವಿಚಾರಕ್ಕೆ ಮೂರು ಮೀಟಿಂಗು ಬೇಕಾಯಿತು. ಖಾದರ್ ಅವನ ಅಮ್ಮನ ಕೈಯ ಕೈಮಾ ತರುತ್ತೇನೆಂದ, ತಕ್ಷಣ ನನ್ನ ಮುಖ ನೋಡಿ, "ಬೇಡ ಯಾರ್, ಇವ್ನಿಗೆ ಆಗಲ್ಲ" ಎಂದು ತಾನೇ ಹಿಂದಕ್ಕೆ ತೆಗೆದುಕೊಂಡ. ನಾನು ಪುಳಿಯೋಗರೆ ಎಂದೆ. ಶನಿವಾರ ನಿನಗೆ ಒಪ್ಪತ್ತಲ್ಲವೇ, ನೀನು ಉಪವಾಸವಿದ್ದು ನಮಗೆ ಬಡಿಸುವುದು ಚೆನ್ನಾಗಿರುತ್ತದೆಯೇ ಎಂದು ಅಂತೋಣಿ ಆಕ್ಷೇಪಿಸಿದ. ಕೊನೆಗೆ ಕೆಂಪಣ್ಣನೇ, "ರಾಗಿ ಹಿಟ್ಟು ನಾ ತರ್ತೀನಿ, ಸೊಪ್ಪು ನಮ್ ತೋಟದ್ದು. ಮುದ್ದೆಗೆ ಯಾವ್ ಜಾತೀನೂ ಇಲ್ಲ, ಬಾಯ್ ಮುಚ್ಕೊಂಡ್ ತಿನ್ನಿ" ಎಂದು ಕಡ್ಡಿ ಮುರಿದ.

ಇನ್ನು ಉಳಿದದ್ದು ದಿನ ಗೊತ್ತುಮಾಡುವುದು. ಅದನ್ನು ನನಗೆ ವಹಿಸಿದರು. ವಹಿಸಬಾರದಿತ್ತು.

ನಾನು ಮನೆಯಿಂದ ಪಂಚಾಂಗ ತಂದೆ. ಖಾದರನ ಹತ್ತಿರ ಉರ್ದು ಕ್ಯಾಲೆಂಡರ್ ಕೇಳಿ, ಅದರಲ್ಲಿ ಏನೇನಿದೆ ಎಂದು ಅವನಿಂದಲೇ ಓದಿಸಿ ಬರೆದುಕೊಂಡೆ. ಅಂತೋಣಿಯ ಮನೆಯಿಂದ ಚರ್ಚಿನ ಕ್ಯಾಲೆಂಡರ್ ಬಂತು. ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡುತ್ತ ಹೋದರೆ, ಅಯ್ಯಾ, ಒಂದು ಶನಿವಾರವೂ ಖಾಲಿ ಇಲ್ಲ. ಶ್ರಾವಣ ಬಂತು. ತಿರುಪತಿ ತಿಮ್ಮಪ್ಪನ ಒಕ್ಕಲಾದ ನನಗೆ ಶ್ರಾವಣ ಶನಿವಾರವೆಂದರೆ ಮನೆ ಬಿಡುವ ಹಾಗಿಲ್ಲ ಎಂದು ಗೆಳೆಯರೇ ನಿಶ್ಚಯಿಸಿದರು. ಅದು ಮುಗಿಯಿತು ಎನ್ನುವಷ್ಟರಲ್ಲಿ ಪಿತೃಪಕ್ಷ. ಅದರ ಬೆನ್ನಿಗೇ ರಂಜಾನ್. ಆ ತಿಂಗಳು ಪೂರ್ತಿ ನಾವು ಮೂವರು ಖಾದರನ ಎದುರು ಒಂದು ಲೋಟ ನೀರು ಕೂಡ ಕುಡಿಯಲಿಲ್ಲ. ಬೆಂಚಿನ ಮೇಲೆ ಕೂರುವುದನ್ನೂ ಬಿಟ್ಟೆವು. ಆಮೇಲೆ ಮಳೆ ಹಿಡಿಯಿತು. ಮಳೆ ಬಿಟ್ಟಿತು, ಕ್ರಿಸ್ಮಸ್ಸಿನ ಮುಂಚಿನ ಭಾನುವಾರಗಳು ಬಂದವು. ಭಾನುವಾರ ಬೆಳಿಗ್ಗೆ ಬೆಟ್ಟದ ಮೇಲಿದ್ದರೆ ಅಂತೋಣಿಗೆ ಪೂಜೆ ತಪ್ಪುತ್ತದೆ. "ಪರವಾಗಿಲ್ಲ ಮ್ಯಾನ್" ಎಂದು ಅವನು ಒಂದು ಸಲ ಅಂದ. ಅದೆಲ್ಲ ನಮಗೋಸ್ಕರ ಹೇಳುವ ಮಾತು ಎಂದು ನಾವು ಕಿವಿಗೇ ಹಾಕಿಕೊಳ್ಳಲಿಲ್ಲ.

ಇದು ದಂಡಿನ ಹುಡುಗರಿಗೆ ಮಾತ್ರ ಬರುವ ಕಾಯಿಲೆ ಎಂದು ಈಗ ಅನ್ನಿಸುತ್ತದೆ. ಒಂದು ಬೀದಿಯಲ್ಲಿ ಗುಡಿ, ಮುಂದಿನ ಬೀದಿಯಲ್ಲಿ ಮಸೀದಿ, ತಿರುವಿನಲ್ಲಿ ಚರ್ಚು. ಚಿಕ್ಕಂದಿನಿಂದ ನಮಗೆ ಒಂದೇ ಪಾಠ, ಇನ್ನೊಬ್ಬರ ದೇವರ ಮನಸ್ಸು ನೋಯಿಸಬಾರದು. ನಮ್ಮ ನಮ್ಮ ದೇವರ ಜೊತೆ ನಾವು ಹೇಗಾದರೂ ಹೊಂದಿಕೊಳ್ಳುತ್ತಿದ್ದೆವು. ಗೆಳೆಯನ ದೇವರೆಂದರೆ ಭಯ.

ಕೆಂಪಣ್ಣ ಮಾತ್ರ ಯಾವ ಅಡ್ಡಿಯನ್ನೂ ಹೇಳಲಿಲ್ಲ. ನಾನು ಪ್ರತಿ ಸಲವೂ ಪುಸ್ತಕ ಮುಚ್ಚಿ, "ಈ ವಾರ ಬೇಡ ಕಣೋ" ಎಂದಾಗ ಅವನು, "ಆಗ್ಲಿ ಬಿಡ್ರಪ್ಪ, ಬೆಟ್ಟ ಎಲ್ಲಿಗೋಗ್ತದೆ" ಎನ್ನುತ್ತಿದ್ದ. ಎಷ್ಟು ಸಲ ಎಂದನೋ. ಕರೆ ಬಂತೇ ಎಂದು ನಾವು ಕೇಳುತ್ತಿದ್ದೆವು. ಇನ್ನೂ ಇಲ್ಲ ಎನ್ನುತ್ತಿದ್ದ. ಸದ್ಯ, ಇನ್ನೊಂದು ವಾರ ಸಿಕ್ಕಿತು ಎಂದುಕೊಳ್ಳುತ್ತಿದ್ದೆವು.

ಕೊನೆಗೆ ಜನವರಿಯಲ್ಲಿ ಒಂದು ಶನಿವಾರಕ್ಕೆ ಎಲ್ಲ ಕೂಡಿಬಂತು. ಒಪ್ಪತ್ತು ನಾನು ದಾರಿಯಲ್ಲೇ ಮುಗಿಸಿಕೊಳ್ಳುತ್ತೇನೆ, ಪೂಜೆಗೆ ಅಂತೋಣಿ ಮುಂದಿನ ವಾರ ಎರಡು ಸಲ ಹೋಗುತ್ತಾನೆ ಎಂದು ರಾಜಿಯಾಯಿತು. ಮಧ್ಯಾಹ್ನ ಒಂದೂವರೆಗೆ ನಾಲ್ವರೂ ಹಲಸೂರು ಕೆರೆ ಏರಿಯ ಮೇಲೆ ಸೇರಿದೆವು. ಕೆಂಪಣ್ಣನ ಕ್ಯಾರಿಯರಿನ ಮೇಲೆ ಟಾರ್ಪಾಲು, ಅದರ ಮೇಲೆ ಹಿಟ್ಟಿನ ಗಂಟು, ಹ್ಯಾಂಡಲಿಗೆ ಪಾತ್ರೆ. ಹಿತವಾದ ಬಿಸಿಲು, ತಣ್ಣನೆ ಗಾಳಿ. ಆ ದಿನ ಅವನು ಒಗೆದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದ. ಮದುವೆ ಗಂಡಿನ ಹಾಗೆ ಕಾಣುತ್ತೀಯಲ್ಲೋ ಎಂದು ಅಂತೋಣಿ ಅವನನ್ನು ಗೋಳು ಹೊಯ್ದುಕೊಂಡ.

ಪೆಡಲಿನ ಮೇಲೆ ಕಾಲಿಡುವಷ್ಟರಲ್ಲಿ ತಮಟೆಯ ಸದ್ದು ಕೇಳಿತು. ಹಸಿರು ಬಾವುಟ, ಬೆಳ್ಳಿಯ ಹಸ್ತ ಕಟ್ಟಿದ ಕೋಲು ಹಿಡಿದು ಒಂದು ಸಣ್ಣ ಗುಂಪು ಬ್ಲಾಕ್‌ಪಲ್ಲಿಯ ಕಡೆ ಹೋಗುತ್ತಿತ್ತು. ನಾನು ಕಾಲು ಹಿಂದೆಗೆದೆ. ಮೊಹರಂ! ಹತ್ತು ದಿನದ ಶೋಕ. ಪುಸ್ತಕದಲ್ಲಿ ಬರೆದುಕೊಂಡಿದ್ದವನು ಹಾಳೆ ಮಗುಚುವುದನ್ನು ಮರೆತಿದ್ದೆ.

"ಲೋ, ನಿಲ್ಲಿ" ಎಂದೆ. "ಇದು ಖಾದರ್ ಮನೆಯವರಿಗೆ ದುಃಖದ ದಿನ. ಇವನನ್ನ ಮಜಾ ಮಾಡೋಕೆ ಕರ್ಕೊಂಡು ಹೋಗ್ತಿದ್ದೀವಲ್ಲ, ನಮಗೇನಾದ್ರೂ ಬುದ್ಧಿ ಇದೆಯಾ?"

ಅಂತೋಣಿ ಟೋಪಿ ತೆಗೆದ. "ಸಾರಿ ಮ್ಯಾನ್" ಎಂದ.

ಖಾದರ್ ನಮ್ಮನ್ನು ಮಿಕಿಮಿಕಿ ನೋಡಿ, "ಹಂಗೇನಿಲ್ಲ ಯಾರ್, ನಮ್ದು…" ಎಂದು ಏನೋ ಹೇಳಲು ಹೊರಟ.

"ನೀನು ನಮಗೋಸ್ಕರ ಹೇಳ್ತೀಯ. ಬೇಡ. ಮುಂದಿನ ಶನಿವಾರ ಹೋಗೋಣ" ಎಂದು ನಾನು ಅವನ ಬಾಯಿ ಮುಚ್ಚಿಸಿದೆ. ಎಷ್ಟು ಗಂಭೀರವಾಗಿ ಹೇಳಿದೆನೆಂದರೆ ಅವನು ತಲೆ ತಗ್ಗಿಸಿಬಿಟ್ಟ. ಅದು ದುಃಖ ಎಂದು ನಾನು ತಿಳಿದೆ.

ಕೆಂಪಣ್ಣ ಒಂದು ಗಳಿಗೆ ಸೈಕಲ್ ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಸ್ಟ್ಯಾಂಡ್ ಹಾಕಿ, ಟಾರ್ಪಾಲಿನ ಹಗ್ಗ ಸಡಿಲವಾಗಿತ್ತೆಂದು ಬಿಗಿದು ಕಟ್ಟಿ, "ಹಂಗಾರೆ ಬ್ಯಾಡ ಬಿಡಿ. ಅವ್ನ್ ದ್ಯಾವ್ರಿಗೆ ನಾವ್ ಅಪಚಾರ ಮಾಡ್ಬಾರ್ದು" ಎಂದ. ಹಿಟ್ಟಿನ ಗಂಟನ್ನು ಮಾತ್ರ ಬಿಚ್ಚಿ ನನ್ನ ಕೈಗೆ ಕೊಟ್ಟ, ಮನೆಗೆ ವಾಪಸ್ ಒಯ್ದರೆ ಅವ್ವ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು. ಹಳೇ ಮದ್ರಾಸು ರಸ್ತೆ ಹಿಡಿದು ಒಬ್ಬನೇ ಹೋದ.

ಹೇಳಲು ನಾಚಿಕೆಯಾಗುತ್ತದೆ, ಆ ಸಂಜೆ ಮನೆಗೆ ಬರುವಾಗ ನನಗೆ ನನ್ನ ಮೇಲೆಯೇ ಗೌರವ ಬಂದಿತ್ತು. ಇಷ್ಟು ಒಳ್ಳೆಯ ಗೆಳೆಯರು ಊರಲ್ಲಿ ಯಾರಿಗಿದ್ದಾರೆ ಎಂದುಕೊಂಡೆ.

ಮುಂದಿನ ಬುಧವಾರ ಅವನಿಗೆ ಕರೆ ಬಂತು. ಶುಕ್ರವಾರ ದಂಡು ಸ್ಟೇಷನ್ನಿನಿಂದ ರೈಲು. ಮುನಿಯಪ್ಪನವರು ಬಿಳಿ ರುಮಾಲು ಸುತ್ತಿಕೊಂಡು, ಬುತ್ತಿಯ ಗಂಟು ಎದೆಗವಚಿಕೊಂಡು ಪ್ಲಾಟ್‌ಫಾರಂ ಮೇಲೆ ನಿಂತಿದ್ದರು. ಮಗನಿಗೆ "ಚಳಿ ಇರ್ತದಂತೆ, ಕಿವಿಗೆ ಬಟ್ಟೆ ಕಟ್ಕೋ" ಎಂದರು, ಅಷ್ಟೆ. ಕೆಂಪಣ್ಣ ಕಿಟಕಿಯಿಂದ ನಮ್ಮ ಮೂವರ ಕೈಯನ್ನೂ ಹಿಡಿದುಕೊಂಡು, "ನನ್ಗೋಸ್ಕರ ಕಾಯ್ಬ್ಯಾಡಿ. ನೀವ್ ಮೂರ್ ಜನ ಹೋಗ್ಬನ್ನಿ. ಬಾವಿ ಕಾಣ್ತದಾ ಅಂತ ಕಾಗ್ದ ಹಾಕಿ" ಎಂದ.

"ನಿನ್ನ ಬಿಟ್ಟು ಹೋಗೋದಾ? ನಾಲ್ಕೂ ಜನ ಹೋಗೋದೇ ಹೋಗೋದು" ಎಂದೆ ನಾನು. ಆ ಮಾತು ಅವನಿಗೆ ಸಂತೋಷ ಕೊಡುತ್ತದೆ ಎಂದುಕೊಂಡಿದ್ದೆ. ಅವನು ನಕ್ಕ. ರೈಲು ಹೊರಟಿತು.

ಕಾಗದಗಳು ಬಂದವು, ಅಸ್ಸಾಮಿನ ಕಡೆಯಿಂದ ಎಂದು ಕಾಣುತ್ತದೆ. ಊರಿನ ಹೆಸರುಗಳ ಮೇಲೆಲ್ಲ ಮಿಲಿಟರಿಯವರು ಮಸಿ ಬಳಿದಿರುತ್ತಿದ್ದರು. ಮಳೆ, ಕೆಸರು, ಜಿಗಣೆ, ಗೇರು ಬೀಳದ ಲಾರಿ. ಕೊನೆಯ ಸಾಲು ಮಾತ್ರ ಎಲ್ಲದರಲ್ಲೂ ಒಂದೇ: ಬೆಟ್ಟಕ್ಕೆ ಹೋದಿರಾ? ಮೂರನೆಯದೋ ನಾಲ್ಕನೆಯದೋ ಕಾಗದ ನಾನು ಟೀ ಅಂಗಡಿಯಲ್ಲಿ ಓದಿ ಮಡಿಸುತ್ತಿದ್ದಾಗ ಖಾದರ್ ಲೋಟ ಕುಕ್ಕಿದ.

"ಒಂದ್ ಮಾತ್ ಹೇಳ್ತೀನಿ, ಕೋಪ ಮಾಡ್ಕೋಬೇಡಿ. ನಮ್ ಮನೇಲಿ ಮೊಹರಂ ಮಾಡೋದೇ ಇಲ್ಲ ಯಾರ್. ಅಬ್ಬಾ ಅವತ್ತು ಅಂಗ್ಡೀನೂ ಮುಚ್ಚಿರ್ಲಿಲ್ಲ. ಮೆರವಣಿಗೆ ಹೋಗೋರೇ ಬೇರೆ ಜನ. ನೀವು ಅಷ್ಟು ದೊಡ್ಡ ಮುಖ ಮಾಡ್ಕೊಂಡ್ ಟೋಪಿ ತೆಗೆದ್ರಿ, ಹೆಂಗ್ ಹೇಳ್ಲಿ? ರಂಜಾನಲ್ಲೂ ಅಷ್ಟೇ. ನಾಲ್ಕು ರೋಜಾ ಇಟ್ಟಿದ್ದೆ, ಐದನೇ ದಿನ ಬಿಟ್ಟೆ. ನೀವು ನೀರು ಕುಡೀದೆ ಕೂತಿರೋದು ನೋಡಿ ನಾಚ್ಕೆ ಆಗಿ ನಾನೂ ಕುಡೀಲಿಲ್ಲ."

ಅಂತೋಣಿ ತನ್ನ ಲೋಟವನ್ನೂ ಕೆಳಗಿಟ್ಟ. "ನಾನು ಪೂಜೆಗೆ ಹೋಗಿ ಎರಡು ವರ್ಷ ಆಯ್ತು ಮ್ಯಾನ್" ಎಂದ. "ಮಮ್ಮಿ ಬೈತಾಳೆ ಅಂತ ಭಾನುವಾರ ಶರ್ಟ್ ಹಾಕ್ಕೊಂಡ್ ಹೊರಡ್ತೀನಿ. ಹಲಸೂರು ಕೆರೆ ಹತ್ರ ಕೂತು ಸಿಗರೇಟ್ ಸೇದಿ ವಾಪಸ್ ಬರ್ತೀನಿ."

ಇಬ್ಬರೂ ನನ್ನನ್ನು ನೋಡಿದರು. ಶನಿವಾರದ ಒಪ್ಪತ್ತಿನ ದಿನ ನಾನು ಕೆಲಸ ಮುಗಿಸಿ, ಪೆರೇಡ್ ಮೈದಾನದ ಆಚೆಯ ಹೋಟೆಲಿನಲ್ಲಿ ಎರಡು ದೋಸೆ ತಿಂದು, ಬಾಯಿ ಒರೆಸಿಕೊಂಡು ಮನೆಗೆ ಹೋಗಿ ಅಮ್ಮನ ಎದುರು ಉಪವಾಸದವನ ಮುಖ ಹಾಕುತ್ತಿದ್ದೆ. ಹೇಳಿದೆ. ಮೂವರೂ ನಕ್ಕೆವು, ಟೀ ಅಂಗಡಿಯವನು ತಿರುಗಿ ನೋಡುವಷ್ಟು ನಕ್ಕೆವು. ಆಮೇಲೆ ಮೇಜಿನ ಮೇಲಿದ್ದ ಕಾಗದ ಕಣ್ಣಿಗೆ ಬಿತ್ತು. ಆರು ತಿಂಗಳಲ್ಲಿ ಯಾವ ಶನಿವಾರ ಬೇಕಾದರೂ ನಾವು ಹೋಗಬಹುದಾಗಿತ್ತು. ಅಂಥ ಹಿಂಸೆ ನನಗೆ ಅದಕ್ಕೆ ಮುಂಚೆ ಗೊತ್ತಿರಲಿಲ್ಲ. ಅವನಿಗೆ ಈ ವಿಷಯ ಬರೆಯುವುದೋ ಬೇಡವೋ ಎಂದು ಚರ್ಚಿಸಿ, ಬರೆಯಲಿಲ್ಲ. ಬಂದ ಮೇಲೆ ಎದುರಿಗೇ ಹೇಳಿ ಅವನ ಕೈಯಲ್ಲಿ ಬೈಸಿಕೊಳ್ಳೋಣ ಎಂದುಕೊಂಡೆವು.

ಅವನು ಬರಲಿಲ್ಲ. ಎರಡೂವರೆ ವರ್ಷವಾದ ಮೇಲೆ ಒಂದು ಬೆಳಿಗ್ಗೆ ಮುನಿಯಪ್ಪನವರು ಮಾರ್ಕೆಟ್ಟಿನಲ್ಲಿ ಗಾಡಿ ಬಿಟ್ಟು ನೇರ ಉಗ್ರಾಣದ ಬಾಗಿಲಿಗೆ ಬಂದರು. ಕೈಯಲ್ಲಿ ಕಂದು ಲಕೋಟೆ. "ಇಂಗ್ಲೀಷ್‌ನಾಗೈತೆ, ಓದಪ್ಪ" ಎಂದರು. ನಾನು ಮೊದಲು ಮನಸ್ಸಿನಲ್ಲಿ ಓದಿಕೊಂಡೆ. ನಾಲ್ಕೇ ಸಾಲು. ಜ್ವರ, ಆಸ್ಪತ್ರೆ, ವಿಷಾದ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ದಿನವೂ ಇಂಗ್ಲಿಷಿನಲ್ಲಿ ಟೈಪು ಮಾಡುವ ನನಗೆ ಆ ನಾಲ್ಕು ಸಾಲನ್ನು ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. ಅವರ ಕೈ ಹಿಡಿದುಕೊಂಡು ಅತ್ತೆ. ಅವರಿಗೆ ಅಷ್ಟರಿಂದಲೇ ತಿಳಿಯಿತು.

ಹನ್ನೊಂದನೆಯ ದಿನದ ಕಾರ್ಯವೆಲ್ಲ ಮುಗಿದ ಮೇಲೆ, ಒಂದು ಶನಿವಾರ ಮಧ್ಯಾಹ್ನ ನಾವು ಮೂವರು ಕೃಷ್ಣರಾಜಪುರಕ್ಕೆ ಹೋದೆವು. ಮುನಿಯಪ್ಪನವರು ಬಾವಿ ಕಟ್ಟೆಯ ಮೇಲೆ ಕೂತಿದ್ದರು. ಮೋಡ, ಬೆಟ್ಟ ಕಾಣುತ್ತಿರಲಿಲ್ಲ. ಆ ಕಡೆಗೇ ಮುಖಮಾಡಿ, "ಅವ್ನ್ ಕಾಗ್ದದಾಗೆಲ್ಲ ಅದೇ ಬೆಟ್ಟದ ಮಾತು. ನನ್ನ ಕರ್ಕೊಂಡ್ ಹೋಗ್ತೀರಾ? ನಾಳೆ?" ಎಂದರು.

ನನ್ನ ತಲೆ ಹಳೆಯ ಚಾಳಿಯಂತೆ ಲೆಕ್ಕ ಹಾಕಿತು. ನಾಳೆ ಮಹಾಲಯ ಅಮಾವಾಸ್ಯೆ, ನನ್ನ ಅಪ್ಪನಿಗೆ ನಾನು ಎಳ್ಳುನೀರು ಬಿಡಬೇಕು. ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ಪ್ರಯಾಣ ಹೊರಡುವುದಿಲ್ಲ. ರಂಜಾನಿನ ಕೊನೆಯ ದಿನಗಳು. ಭಾನುವಾರ. ಮೇಲೆ ಮಳೆಗಾಲ. ಮೂರು ಕ್ಯಾಲೆಂಡರಿನಲ್ಲಿ ಹುಡುಕಿದರೂ ಅದಕ್ಕಿಂತ ಕೆಟ್ಟ ದಿನ ಸಿಗುತ್ತಿರಲಿಲ್ಲ.

"ಹೋಗೋಣ" ಎಂದ ಖಾದರ್. ನಾನು ಬಾಯಿ ತೆರೆಯುವ ಮುಂಚೆಯೇ ಎಂದ.

ಮನೆಗೆ ಹೋಗಿ ಅಮ್ಮನಿಗೆ ಹೆದರುತ್ತ ಹೇಳಿದೆ. ಅವರು ಮೊರದಲ್ಲಿ ಎಳ್ಳು ಕೇರುತ್ತಿದ್ದರು. "ನಿಮ್ಮಪ್ಪ ಒಂದು ದಿನ ಕಾಯ್ತಾರೆ. ಬದುಕಿರೋರು ಕೇಳಿದಾಗ ಇಲ್ಲ ಅನ್ನಬೇಡ" ಎಂದು, ಎದ್ದು ಅವಲಕ್ಕಿ ಕಟ್ಟಲು ಹೋದರು.

ನಸುಕಿಗೇ ಕೃಷ್ಣರಾಜಪುರ ಬಿಟ್ಟೆವು. ಕ್ಯಾರಿಯರಿಗೆ ಗೋಣಿಚೀಲ ಮಡಿಸಿ ಕಟ್ಟಿ ಮುನಿಯಪ್ಪನವರನ್ನು ಕೂರಿಸಿಕೊಂಡೆವು. ಸೈಕಲ್ಲಿನ ಮೇಲೆ ಅವರು ಕೂತದ್ದು ಅದೇ ಮೊದಲು. ಮಗುವಿನ ಹಾಗೆ ಸೊಂಟ ಹಿಡಿದುಕೊಂಡಿದ್ದರು. ಸರದಿಯ ಮೇಲೆ ತುಳಿದೆವು, ಹೆಚ್ಚಾಗಿ ಖಾದರನೇ ತುಳಿದ. ತಾಯಿ, ಅವನ ಅಮ್ಮಿ, ತೀರಿಕೊಂಡ ಮೇಲೆ ಅವನು ಬದಲಾಗಿದ್ದ. ಆ ಸಲ ಅವನು ನಿಜವಾಗಿಯೂ ಉಪವಾಸವಿದ್ದ. ಇಳಿ, ನಾವು ತುಳಿಯುತ್ತೇವೆ ಎಂದರೆ, "ಸುಮ್ನೆ ಬನ್ನಿ, ಇನ್ನೊಂದ್ಸಲ ನನ್ ಉಪವಾಸದ ಮಾತ್ ಎತ್ಬೇಡಿ" ಎಂದ. ಯಲಹಂಕ ದಾಟುವಾಗ ಜಡಿ ಮಳೆ. ದೇವನಹಳ್ಳಿಯಲ್ಲಿ ಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಬುಡ. ಮೆಟ್ಟಿಲುಗಳನ್ನು ಮುನಿಯಪ್ಪನವರು ನಮಗಿಂತ ಸಲೀಸಾಗಿ ಹತ್ತಿದರು. ಮೇಲೆ ಮಂಟಪವೊಂದರ ಪಕ್ಕದಲ್ಲಿ ಟಾರ್ಪಾಲು ಕಟ್ಟಿದೆವು. ಹೊತ್ತು ಮುಳುಗಿದಾಗ ಅವರು ತಮ್ಮ ಚೊಂಬಿನ ನೀರನ್ನು ಮೊದಲು ಖಾದರನಿಗೆ ಕೊಟ್ಟು, ಅವನು ಕುಡಿಯುವ ತನಕ ಎದುರಿಗೇ ನಿಂತಿದ್ದರು.

ಬೆಳಿಗ್ಗೆ ಎದ್ದರೆ ಎಲ್ಲೆಲ್ಲೂ ಮಂಜು. ಬಂಡೆಯ ಅಂಚಿಗೆ ಹೋಗಿ ನಾಲ್ವರೂ ಕೂತೆವು. ಎಂಟು ಗಂಟೆಯ ಮೇಲೆ ಮಂಜು ಸ್ವಲ್ಪ ಸ್ವಲ್ಪವೇ ಹರಿದು ಕೆಳಗಿನ ಬಯಲು ಕಂಡಿತು. ಕೆರೆಗಳು, ಹೊಲಗಳು, ಎಲ್ಲೆಲ್ಲೋ ಊರುಗಳು. ಮುನಿಯಪ್ಪನವರು ಕಣ್ಣ ಮೇಲೆ ಕೈಯಿಟ್ಟು ದಕ್ಷಿಣದ ಕಡೆ ನೋಡಿದರು. ಬಾವಿ ಹಾಗಿರಲಿ, ಕೃಷ್ಣರಾಜಪುರ ಯಾವ ಕಡೆ ಎನ್ನುವುದೂ ತಿಳಿಯುವಂತಿರಲಿಲ್ಲ. ಅವರಿಗೆ ಅದರಿಂದ ನಿರಾಸೆಯಾದ ಹಾಗೆ ಕಾಣಲಿಲ್ಲ. ತಮ್ಮ ಪಾಡಿಗೆ ನೋಡುತ್ತಲೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಕೋಪವಿರಲಿಲ್ಲ, ಆಕ್ಷೇಪವೂ ಇರಲಿಲ್ಲ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಅಲ್ಲಪ್ಪಾ, ಅಷ್ಟ್ ತಿಂಗ್ಳು ಹೊರಡ್ತೀವಿ ಹೊರಡ್ತೀವಿ ಅಂತಿದ್ರಲ್ಲ ನೀವು, ಇದ್ಯಾವ್ದೋ ಬಾಳ ದೂರದ್ದು, ಕಷ್ಟದ್ದು ಅಂದ್ಕೊಂಡಿದ್ದೆ. ಒಂದ್ ದಿನದ ದಾರಿ ಅಲ್ವಾ ಇದು?"

ಅಂತೋಣಿ ಎದ್ದು ಆಚೆ ಹೋದ. ಖಾದರ್ ಮುಖ ತಿರುಗಿಸಿಕೊಂಡ. ಅವರು ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಹೂಂ ಯಜಮಾನ್ರೇ" ಎಂದೆ. "ಒಂದು ದಿನದ ದಾರಿನೇ."